ಬಹುಸಾಮರ್ಥ್ಯದ ವಂಶವಾಹಿಗಳು: ವೃಷಣದ ಬೆಳವಣಿಗೆ ಮತ್ತು ಜನನಕೋಶದ ಗಡ್ಡೆಗಳ ಅಧ್ಯಯನದ ಇತಿಹಾಸ

ಭ್ರೂಣದ ಮೊದಲ ದಿನಗಳಲ್ಲಿ ಪ್ರತಿಯೊಂದು ಕೋಶವೂ ಮುಂದೆ ಚರ್ಮ, ಎಲುಬು, ನರ, ಕರುಳು, ಏನು ಬೇಕಾದರೂ ಆಗಬಲ್ಲದು. ಈ ಗುಣಕ್ಕೆ ಬಹುಸಾಮರ್ಥ್ಯ ಅಥವಾ ಪ್ಲುರಿಪೊಟೆನ್ಸಿ ಎಂದು ಹೆಸರು. ಆ ಗುಣವನ್ನು ಕಾಪಾಡುವ ವಂಶವಾಹಿಗಳಲ್ಲಿ ಆಕ್ಟ್-4, ನ್ಯಾನೋಗ್, ಸಾಕ್ಸ್-2, ಲಿನ್-28 ಮುಖ್ಯವಾದವು. ದೇಹ ರೂಪುಗೊಳ್ಳುತ್ತಿದ್ದಂತೆ ಹೆಚ್ಚಿನ ಅಂಗಾಂಶಗಳಲ್ಲಿ ಇವು ಬೇಗನೆ ಸುಮ್ಮನಾಗುತ್ತವೆ. ಮುಂದೆ ವೀರ್ಯಾಣು ಅಥವಾ ಅಂಡವಾಗಬೇಕಾದ ಜನನಕೋಶಗಳಲ್ಲಿ ಮಾತ್ರ ಇವುಗಳಲ್ಲಿ ಕೆಲವು ತಡವಾಗಿ ಸುಮ್ಮನಾಗುತ್ತವೆ. ಗಂಡುಕೂಸಿನ ವೃಷಣದಲ್ಲಿ ಹುಟ್ಟಿದ ಮೂರ್ನಾಲ್ಕು ತಿಂಗಳ ತನಕವೂ ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಆಕ್ಟ್-4 ಪ್ರೊಟೀನು ಕಾಣಸಿಗುವುದುಂಟು. ಹೀಗೆ ಸುಮ್ಮನಾಗಬೇಕಾದ ಕಾಲಕ್ಕೆ ಸುಮ್ಮನಾಗದೆ ಉಳಿದ ಕೋಶವೇ, ಎಷ್ಟೋ ವರ್ಷಗಳ ನಂತರ, ಹರೆಯದವನ ವೃಷಣದಲ್ಲಿ ಗಡ್ಡೆಗೆ ಮೂಲವಾಗುತ್ತದೆ ಎಂಬುದು ಇಂದಿನ ತಿಳಿವಳಿಕೆ.

ಭ್ರೂಣವನ್ನು ಓದಿ, ಆ ಓದಿನ ಬೆಳಕಿನಲ್ಲಿ ಗಡ್ಡೆಯನ್ನು ಅರ್ಥಮಾಡಿಕೊಂಡಿರಬೇಕು ಎಂದು ಯಾರಿಗಾದರೂ ಅನಿಸಬಹುದು. ನಡೆದದ್ದು ಹಾಗಲ್ಲ. ಮೊದಲು ಬಂದದ್ದು ವೃಷಣದ ಗಡ್ಡೆಯ ಅಧ್ಯಯನ. ಭ್ರೂಣದ ಕಾಂಡಕೋಶಗಳ ವಿಜ್ಞಾನ ಹುಟ್ಟಿದ್ದು ಅದರ ಮಡಿಲಲ್ಲಿ.

ಇಲಿಯ ಗಡ್ಡೆಯಿಂದ ಹೊರಟ ದಾರಿ

ಕೂದಲು, ಹಲ್ಲು, ಮೃದ್ವಸ್ಥಿ, ನರದ ತುಣುಕು ಎಲ್ಲವೂ ಒಂದೇ ಗಂಟಿನಲ್ಲಿ ಬೆರೆತಿರುವ ಗಡ್ಡೆಗಳನ್ನು ವೈದ್ಯರು ಬಹುಕಾಲದಿಂದ ಬಲ್ಲರು. ಅವುಗಳಿಗೆ ಟೆರಟೋಮ ಎಂದು ಹೆಸರು. ಅಂಡಾಶಯದಲ್ಲೂ ವೃಷಣದಲ್ಲೂ ಕಾಣುವ ಇವು ಎಲ್ಲಿಂದ ಬರುತ್ತವೆ ಎಂಬುದಕ್ಕೆ ಊಹೆಗಳಿದ್ದವೇ ಹೊರತು ಪ್ರಯೋಗದ ಆಧಾರವಿರಲಿಲ್ಲ.

ಆಧಾರ ಸಿಕ್ಕಿದ್ದು ಅಮೆರಿಕದ ಮೈನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ. ಸಿಗರೇಟಿನಿಂದಾಗುವ ಹಾನಿಗೆ ತಂಬಾಕು ಕಾರಣವೋ ಸುತ್ತಿದ ಕಾಗದ ಕಾರಣವೋ ಎಂದು ಇಲಿಗಳ ಮೇಲೆ ಪರೀಕ್ಷಿಸುವ ಕೆಲಸದಲ್ಲಿದ್ದ ಲಿರಾಯ್ ಸ್ಟೀವನ್ಸ್ ಅವರಿಗೆ 1953ರಲ್ಲಿ 129 ಎಂಬ ತಳಿಯ ಒಂದು ಗಂಡಿಲಿಯ ವೃಷಣ ಊದಿರುವುದು ಕಂಡಿತು. ಸೀಳಿ ನೋಡಿದರೆ ಅದೊಂದು ಟೆರಟೋಮ. ಆ ತಳಿಯ ಗಂಡಿಲಿಗಳಲ್ಲಿ ನೂರಕ್ಕೆ ಸುಮಾರು ಒಂದರಲ್ಲಿ ಇಂಥ ಗಡ್ಡೆ ತಾನಾಗಿ ಬೆಳೆಯುತ್ತದೆ ಎಂಬುದನ್ನು ಸ್ಟೀವನ್ಸ್ ಮತ್ತು ಕ್ಲಾರೆನ್ಸ್ ಲಿಟಲ್ 1954ರಲ್ಲಿ ಪ್ರಕಟಿಸಿದರು. ಒಪ್ಪಿಕೊಂಡ ಕೆಲಸ ಬೇರೆಯಾಗಿದ್ದರೂ ಕಣ್ಣಿಗೆ ಬಿದ್ದದ್ದನ್ನು ಬಿಡದೆ ಜೀವಮಾನವಿಡೀ ಬೆನ್ನುಹತ್ತಿದ ಸ್ಟೀವನ್ಸ್ ಅವರ ಪಟ್ಟು ಈ ಇತಿಹಾಸದಲ್ಲಿ ಬಹಳ ದೊಡ್ಡದು.

ಗಡ್ಡೆ ಹುಟ್ಟುವ ಗಳಿಗೆಯನ್ನು ಹಿಡಿಯಲು ಅವರು ಎಳೆಯ, ಇನ್ನೂ ಎಳೆಯ ಇಲಿಗಳನ್ನು ನೋಡುತ್ತ ಹೋಗಿ ಕೊನೆಗೆ ತಾಯಿಯ ಗರ್ಭದಲ್ಲಿರುವ ಭ್ರೂಣಕ್ಕೆ ಬಂದು ನಿಂತರು. ಭ್ರೂಣದಲ್ಲಿ ವೃಷಣವಾಗಲಿರುವ ಏಣನ್ನು ಬಿಡಿಸಿ ಬೆಳೆದ ಇಲಿಯ ವೃಷಣದಲ್ಲಿ ಕಸಿ ಮಾಡಿದಾಗ ಗಡ್ಡೆಗಳು ಹೇರಳವಾಗಿ ಬಂದವು. ಜನನಕೋಶಗಳೇ ಇಲ್ಲದ ವಿಕೃತ ತಳಿಯ ಭ್ರೂಣದಿಂದ ಅದೇ ಏಣನ್ನು ತೆಗೆದು ಕಸಿ ಮಾಡಿದರೆ ಗಡ್ಡೆ ಬರಲಿಲ್ಲ. 1967ರಲ್ಲಿ ಪ್ರಕಟವಾದ ಈ ಪ್ರಯೋಗ ವೃಷಣದ ಟೆರಟೋಮದ ಮೂಲ ಜನನಕೋಶವೇ ಎಂಬುದನ್ನು ಸ್ಥಾಪಿಸಿತು.

ಇದರ ನಡುವೆಯೇ, 1964ರಲ್ಲಿ, ಲೂಯಿಸ್ ಕ್ಲೈನ್‌ಸ್ಮಿತ್ ಮತ್ತು ಬ್ಯಾರಿ ಪಿಯರ್ಸ್ ಅಂಥ ಗಡ್ಡೆಯಿಂದ ಒಂದೇ ಒಂದು ಕೋಶವನ್ನು ಬೇರ್ಪಡಿಸಿ ಮತ್ತೊಂದು ಇಲಿಗೆ ಹಾಕಿದರು. ಆ ಒಂಟಿ ಕೋಶದಿಂದ ಹತ್ತಾರು ಬಗೆಯ ಅಂಗಾಂಶಗಳು ಬೆಳೆದವು. ಒಂದು ಕೋಶಕ್ಕೆ ಎಲ್ಲವೂ ಆಗುವ ಶಕ್ತಿಯಿದೆ ಎಂಬುದಕ್ಕೆ ದೊರೆತ ಮೊದಲ ನೇರ ಸಾಕ್ಷ್ಯ ಹೀಗೆ ಕ್ಯಾನ್ಸರಿನಿಂದ ಬಂತು. ಭ್ರೂಣೀಯ ಕಾರ್ಸಿನೋಮ ಎಂದು ಕರೆಯುವ ಈ ಕೋಶಗಳನ್ನು 1970ರ ದಶಕದಲ್ಲಿ ಗಾಜಿನ ತಟ್ಟೆಯಲ್ಲಿ ಬೆಳೆಸುವುದು ರೂಢಿಯಾಯಿತು. 1974ರಲ್ಲಿ ರಾಲ್ಫ್ ಬ್ರಿನ್‌ಸ್ಟರ್, 1975ರಲ್ಲಿ ಬೀಟ್ರಿಸ್ ಮಿಂಟ್ಸ್ ಮತ್ತು ಕಾರ್ಲ್ ಇಲ್‌ಮೆನ್ಸೀ ಇವನ್ನು ಆರೋಗ್ಯವಂತ ಎಳೆ ಭ್ರೂಣದೊಳಗೆ ಸೇರಿಸಿದಾಗ ಅವು ಗಡ್ಡೆಯಾಗುವುದನ್ನು ಬಿಟ್ಟು ಸಾಮಾನ್ಯ ಇಲಿಯ ಅಂಗಗಳಾಗಿ ಬೆಳೆದವು. ಕ್ಯಾನ್ಸರ್ ಎಂದರೆ ಹಿಂತಿರುಗಲಾಗದ ಕೇಡು ಎಂಬ ನಂಬಿಕೆಗೆ ಇದಕ್ಕಿಂತ ಬಲವಾದ ಸವಾಲು ಆ ಕಾಲದಲ್ಲಿ ಬೇರೊಂದು ಇರಲಿಲ್ಲ.

ಗಡ್ಡೆಯ ಕೋಶಗಳನ್ನು ಸಾಕಿ ಕಲಿತ ವಿಧಾನಗಳಿಂದಲೇ 1981ರಲ್ಲಿ ಕೇಂಬ್ರಿಜ್‌ನ ಮಾರ್ಟಿನ್ ಇವಾನ್ಸ್ ಮತ್ತು ಮ್ಯಾಥ್ಯೂ ಕಾಫ್‌ಮನ್, ಕ್ಯಾಲಿಫೋರ್ನಿಯಾದ ಗೇಲ್ ಮಾರ್ಟಿನ್ ಇಲಿಯ ಭ್ರೂಣದಿಂದ ನೇರವಾಗಿ ಕಾಂಡಕೋಶಗಳನ್ನು ಪಡೆದರು.

ಕೋಪನ್‌ಹೇಗನ್ನಿನ ಸ್ಲೈಡುಗಳು

ಮನುಷ್ಯರ ಕಡೆಯ ಕಥೆ ಶುರುವಾದದ್ದು ಡೆನ್ಮಾರ್ಕಿನಲ್ಲಿ. ಮಕ್ಕಳಾಗಿಲ್ಲವೆಂದು ಪರೀಕ್ಷೆಗೆ ಬಂದ ಇಬ್ಬರು ಗಂಡಸರ ವೃಷಣದ ಚೂರುಗಳಲ್ಲಿ ನೀಲ್ಸ್ ಸ್ಕಕೆಬೆಕ್ ವಿಚಿತ್ರ ಕೋಶಗಳನ್ನು ಕಂಡರು. ವೀರ್ಯನಾಳಿಕೆಯ ಅಂಚಿಗೆ ಸಾಲಾಗಿ ಅಂಟಿಕೊಂಡ, ದೊಡ್ಡ ಕೋಶಕೇಂದ್ರದ ಈ ಕೋಶಗಳು ಗಡ್ಡೆಗೆ ಮೊದಲಿನ ಹಂತವಿರಬಹುದು ಎಂದು 1972ರಲ್ಲಿ ಅವರು ಬರೆದರು. ಮುಂದಿನ ವರ್ಷಗಳ ಕಣ್ಗಾವಲಿನಲ್ಲಿ ಇಂಥ ಕೋಶಗಳಿದ್ದವರ ಪೈಕಿ ಅರ್ಧದಷ್ಟು ಜನರಿಗೆ ಐದು ವರ್ಷದೊಳಗೆ ಗಡ್ಡೆ ಬೆಳೆಯುವುದು ಕಂಡುಬಂತು. ಆ ಕೋಶಗಳು ನೋಡಲು ಭ್ರೂಣದ ಜನನಕೋಶಗಳನ್ನೇ ಹೋಲುತ್ತಿದ್ದವು. ಹರೆಯದವನ ವೃಷಣದಲ್ಲಿ ಗರ್ಭಕಾಲದ ಕೋಶ ಹೇಗೆ ಉಳಿಯಿತು ಎಂಬ ಪ್ರಶ್ನೆಗೆ ಸೂಕ್ಷ್ಮದರ್ಶಕದ ನೋಟ ಮಾತ್ರ ಸಾಲದಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2016ರ ವರ್ಗೀಕರಣದಲ್ಲಿ ಈ ಸ್ಥಿತಿಗೆ ಜೆರ್ಮ್ ಸೆಲ್ ನಿಯೋಪ್ಲೇಸಿಯ ಇನ್ ಸಿಟು ಎಂಬ ಹೆಸರು ನೆಲೆಗೊಂಡಿತು.

1982ರಲ್ಲಿ ನೀಲ್ಸ್ ಆಟ್ಕಿನ್ ಮತ್ತು ಮೇರಿಯನ್ ಬೇಕರ್ ಈ ಗಡ್ಡೆಗಳ ಮತ್ತೊಂದು ಗುರುತನ್ನು ತಿಳಿಸಿದರು. ಅವುಗಳಲ್ಲಿ 12ನೆಯ ವರ್ಣತಂತುವಿನ ಚಿಕ್ಕ ತೋಳು ಇಮ್ಮಡಿಯಾಗಿ, ಎರಡು ತೋಳೂ ಒಂದೇ ಆಗಿ ಕೂಡಿಕೊಂಡಿರುತ್ತದೆ. ನ್ಯಾನೋಗ್ ವಂಶವಾಹಿಯ ವಿಳಾಸವೂ ಅದೇ ತೋಳು ಎಂಬುದು ಗೊತ್ತಾಗಲು ಇನ್ನೂ ಎರಡು ದಶಕ ಕಾಯಬೇಕಾಯಿತು.

ವಂಶವಾಹಿಗಳಿಗೆ ಹೆಸರು ಬಂದದ್ದು

1990ರಲ್ಲಿ ಹಾನ್ಸ್ ಶೋಲರ್ ಸೇರಿದಂತೆ ಮೂರು ಗುಂಪುಗಳು ಬೇರೆ ಬೇರೆಯಾಗಿ ಆಕ್ಟ್-4 ಅನ್ನು ವಿವರಿಸಿದವು. ಡಿಎನ್ಎಯ ಮೇಲೆ ಎಂಟಕ್ಷರದ ಒಂದು ಸಾಲನ್ನು ಹುಡುಕಿ ಅಂಟಿಕೊಂಡು ಬೇರೆ ವಂಶವಾಹಿಗಳನ್ನು ನಡೆಸುವ ಪ್ರೊಟೀನು ಇದು. ಎಳೆ ಭ್ರೂಣದಲ್ಲಿ ಮತ್ತು ಜನನಕೋಶಗಳಲ್ಲಿ ಇದೆ, ಬೇರೆಡೆ ಇಲ್ಲ ಎಂಬುದು ಆಗಲೇ ತಿಳಿಯಿತು. 1998ರಲ್ಲಿ ಜೆನಿಫರ್ ನಿಕಲ್ಸ್ ಮತ್ತು ಸಂಗಡಿಗರು ಆಕ್ಟ್-4 ಇಲ್ಲದ ಇಲಿ ಭ್ರೂಣ ತನ್ನ ಒಳಕೋಶಗಳ ಬಹುಸಾಮರ್ಥ್ಯವನ್ನು ಕಳೆದುಕೊಳ್ಳುತ್ತದೆ ಎಂದು ತೋರಿಸಿದರು. ಜನನಕೋಶಗಳಲ್ಲಿ ಪರಿಣಾಮ ಬೇರೆ: 2004ರಲ್ಲಿ ಜೇಮ್ಸ್ ಕೆಹ್ಲರ್ ಮತ್ತು ಸಂಗಡಿಗರು ಕಂಡಂತೆ, ಅಲ್ಲಿ ಆಕ್ಟ್-4 ತೆಗೆದರೆ ಕೋಶ ಮತ್ತೊಂದಾಗಿ ಬದಲಾಗುವುದಿಲ್ಲ, ಸಾಯುತ್ತದೆ. ಜನನಕೋಶಕ್ಕೆ ಅದು ಬದುಕುಳಿಯಲು ಬೇಕಾದದ್ದು ಎಂಬುದು ಇದರಿಂದ ಸ್ಪಷ್ಟವಾಯಿತು.

ನ್ಯಾನೋಗ್ 2003ರಲ್ಲಿ ಬಂತು, ಎಡಿನ್‌ಬರೋದಿಂದ ಮತ್ತು ಜಪಾನಿನಿಂದ ಏಕಕಾಲಕ್ಕೆ. ಜಪಾನಿನ ಗುಂಪಿನ ಶಿನ್ಯ ಯಮನಕ 2006ರಲ್ಲಿ ಆಕ್ಟ್-4, ಸಾಕ್ಸ್-2, ಕೆಎಲ್‌ಎಫ್-4, ಸಿ-ಮಿಕ್ ಎಂಬ ನಾಲ್ಕನ್ನು ಸೇರಿಸಿ ಇಲಿಯ ಚರ್ಮದ ಕೋಶವನ್ನೇ ಭ್ರೂಣದ ಸ್ಥಿತಿಗೆ ಹಿಂದಿರುಗಿಸಿದರು. 2012ರಲ್ಲಿ ಜಾನ್ ಗರ್ಡನ್ ಜೊತೆ ನೊಬೆಲ್ ಪಡೆದರು.

ಈ ಹೆಸರುಗಳು ಕೈಗೆ ಬಂದದ್ದೇ ತಡ, ರೋಗಶಾಸ್ತ್ರಜ್ಞರು ಗಡ್ಡೆಗಳತ್ತ ತಿರುಗಿದರು. ರಾಟರ್‌ಡ್ಯಾಮಿನ ಲೆಂಡರ್ಟ್ ಲೂಯೆಂಗಾ ಅವರ ಗುಂಪು 2003ರಲ್ಲಿ ಆಕ್ಟ್-4 ಪ್ರೊಟೀನನ್ನು ಬಣ್ಣ ಹಚ್ಚಿ ಹುಡುಕಿದಾಗ ಅದು ಸೆಮಿನೋಮ, ಭ್ರೂಣೀಯ ಕಾರ್ಸಿನೋಮ ಎಂಬ ಬಗೆಯ ಗಡ್ಡೆಗಳಲ್ಲಿ ಮತ್ತು ಸ್ಕಕೆಬೆಕ್ ಕಂಡಿದ್ದ ಮುನ್ಹಂತದ ಕೋಶಗಳಲ್ಲಿ ಇತ್ತು. ಟೆರಟೋಮ, ಅಂಡಚೀಲದ (ಯೋಕ್ ಸ್ಯಾಕ್) ಗಡ್ಡೆ, ಕೋರಿಯೋಕಾರ್ಸಿನೋಮ ಎಂಬ ಬಗೆಗಳಲ್ಲಿ ಇರಲಿಲ್ಲ. ಮೂವತ್ತು ವರ್ಷ ಬರಿಯ ಹೋಲಿಕೆಯಾಗಿ ಉಳಿದಿದ್ದ ಮಾತಿಗೆ ಪುರಾವೆ ದೊರೆಯಿತು. 2004ರಲ್ಲಿ ಕೋಪನ್‌ಹೇಗನ್ನಿನ ಎವಾ ರೈಪರ್ಟ್-ಡಿ ಮೈಟ್ಸ್ ಮತ್ತು ಸಂಗಡಿಗರು ಸಹಜವಾಗಿ ಬೆಳೆದ ವೃಷಣ ಮತ್ತು ಕುಂಠಿತ ವೃಷಣಗಳನ್ನು ಅಕ್ಕಪಕ್ಕ ಇಟ್ಟು, ಇದೇ ಪ್ರೊಟೀನು ಯಾವ ವಯಸ್ಸಿನಲ್ಲಿ ಕಡಿಮೆಯಾಗುತ್ತ ಹೋಗುತ್ತದೆ ಎಂಬ ಕಾಲಪಟ್ಟಿಯನ್ನು ಕಟ್ಟಿಕೊಟ್ಟರು.

ಆ ಕಾಲಪಟ್ಟಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಸೀಮೆಯ ಎರೆಹೊಲದ ರೈತ ರಾಶಿ ಮಾಡುವ ಮೊದಲೇ ಒಳ್ಳೆಯ ಜೋಳದ ತೆನೆಗಳನ್ನು ಆರಿಸಿ ಬಿತ್ತನೆಗೆಂದು ಬೇರೆ ಇಡುವಂತೆ, ಭ್ರೂಣ ತನ್ನ ಅಂಗಾಂಗಗಳನ್ನು ರೂಪಿಸುವ ಮೊದಲೇ ಕೆಲವು ಕೋಶಗಳನ್ನು ಮುಂದಿನ ತಲೆಮಾರಿಗೆಂದು ಬದಿಗಿಡುತ್ತದೆ. ಮನುಷ್ಯರಲ್ಲಿ ಇವು ಮೊದಲು ಕಾಣುವುದು ಭ್ರೂಣದ ಹೊರಗೆ, ಅಂಡಚೀಲದ ಗೋಡೆಯಲ್ಲಿ. ಐದಾರನೆಯ ವಾರದ ಹೊತ್ತಿಗೆ ಅಲ್ಲಿಂದ ನಡೆದುಬಂದು ವೃಷಣವೋ ಅಂಡಾಶಯವೋ ಆಗಲಿರುವ ಏಣಿಗೆ ಸೇರುತ್ತವೆ. ವೈ ವರ್ಣತಂತುವಿನಲ್ಲಿರುವ ಎಸ್‌ಆರ್‌ವೈ ವಂಶವಾಹಿ, 1990ರಲ್ಲೇ ಗುರುತಾದದ್ದು, ಸುತ್ತಲಿನ ಕೋಶಗಳನ್ನು ಸರ್ಟೋಲಿ ಕೋಶಗಳಾಗಿಸುತ್ತದೆ. ಅವು ಜನನಕೋಶಗಳನ್ನು ಸುತ್ತುವರಿದು ನಾಳಿಕೆ ಕಟ್ಟುತ್ತವೆ. ಆ ಆಸರೆಯಲ್ಲಿ ಜನನಕೋಶ ನಾಳಿಕೆಯ ಅಂಚಿಗೆ ಸರಿದು ವೀರ್ಯಾಣುಜನಕವಾಗುತ್ತದೆ. ಗರ್ಭದ ಇಪ್ಪತ್ತನೆಯ ವಾರದ ಆಸುಪಾಸಿನಿಂದ ಆಕ್ಟ್-4 ಇಳಿಮುಖವಾಗುತ್ತದೆ. ಆಸರೆ ಸರಿಯಿಲ್ಲದ ಕಡೆ, ಅಂದರೆ ವೃಷಣ ಕುಂಠಿತವಾದಲ್ಲಿ ಅಥವಾ ಹೊಟ್ಟೆಯಲ್ಲೇ ಉಳಿದಲ್ಲಿ, ಈ ಇಳಿಕೆ ತಡವಾಗುತ್ತದೆ. ಆದ್ದರಿಂದ ಗಡ್ಡೆಯ ಹೊಣೆಯನ್ನು ಜನನಕೋಶದ ಮೇಲೆ ಮಾತ್ರ ಹೊರಿಸುವುದು ಸರಿಯಲ್ಲ. ನೆರೆಯ ಕೋಶಗಳ ಪಾಲೂ ಅದರಲ್ಲಿದೆ. 2009ರಲ್ಲಿ ಸಾವಿರಾರು ಜನರ ವಂಶವಾಹಿಗಳನ್ನು ಹೋಲಿಸಿದ ಎರಡು ಅಧ್ಯಯನಗಳು ಇದನ್ನೇ ಬೊಟ್ಟುಮಾಡಿದವು. ವೃಷಣ ಕ್ಯಾನ್ಸರಿನ ಒಲವಿಗೆ ಅವು ಕಂಡ ಬಲವಾದ ನಂಟು, ನೆರೆಯ ಕೋಶಗಳು ಜನನಕೋಶಕ್ಕೆ ಕಳಿಸುವ ಬದುಕುಳಿಯುವ ಸಂದೇಶದ ವಂಶವಾಹಿಯೊಂದಿಗೆ ಇತ್ತು.

ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಿಗೆ ಹೊಂದುವುದಿಲ್ಲ ಎಂಬ ಪಾಠ ಕಲಿಸಿದ್ದು ಸಾಕ್ಸ್-2. ಇಲಿಯ ಜನನಕೋಶದಲ್ಲಿ ಇದು ಇದೆ. ಮನುಷ್ಯನ ಜನನಕೋಶದಲ್ಲಿ ಇಲ್ಲ. ಅದರ ಜಾಗದಲ್ಲಿ ಸಾಕ್ಸ್-17 ಇದೆ. ಸೆಮಿನೋಮದಲ್ಲಿ ಸಾಕ್ಸ್-17, ಭ್ರೂಣೀಯ ಕಾರ್ಸಿನೋಮದಲ್ಲಿ ಸಾಕ್ಸ್-2 ಎಂಬ ವ್ಯತ್ಯಾಸವನ್ನು ಲೂಯೆಂಗಾ ಅವರ ಗುಂಪು 2008ರಲ್ಲಿ ವರದಿ ಮಾಡಿತು. ಅದೇ ಸಾಕ್ಸ್-17 ಮನುಷ್ಯನ ಜನನಕೋಶವನ್ನು ರೂಪಿಸುವ ಮುಖ್ಯ ವಂಶವಾಹಿ ಎಂದು 2015ರಲ್ಲಿ ಕೇಂಬ್ರಿಜ್‌ನ ಅಜೀಂ ಸುರಾನಿ ಮತ್ತು ಇಸ್ರೇಲಿನ ಜೇಕಬ್ ಹನ್ನಾ ಅವರ ಗುಂಪುಗಳು ಸೇರಿ ತೋರಿಸಿದವು. ಗಡ್ಡೆಯ ಸ್ಲೈಡಿನಲ್ಲಿ ಮೊದಲು ಕಂಡದ್ದು ಭ್ರೂಣಶಾಸ್ತ್ರಕ್ಕೆ ಮತ್ತೊಮ್ಮೆ ದಾರಿ ತೋರಿಸಿದ ಸಂದರ್ಭವಿದು.

ಬೆಳೆದ ಗಂಡಸಿನ ವೃಷಣದಲ್ಲೂ ಬಹುಸಾಮರ್ಥ್ಯದ ಕೋಶಗಳಿವೆಯೇ? ಕ್ಯೋಟೊದ ಗುಂಪೊಂದು 2004ರಲ್ಲಿ ನವಜಾತ ಇಲಿಯ ವೃಷಣದಿಂದ ಅಂಥ ಕೋಶಗಳನ್ನು ಪಡೆದಿತ್ತು. ಮನುಷ್ಯರಿಂದಲೂ ಪಡೆದೆವೆಂದು 2008ರಲ್ಲಿ ಬಂದ ಜರ್ಮನಿಯ ವರದಿಯನ್ನು 2010ರಲ್ಲಿ ಶೋಲರ್ ಅವರ ಗುಂಪು ಪ್ರಶ್ನಿಸಿತು. ಇನ್ನೊಂದು ತೊಡಕೂ ಇದೆ: ಆಕ್ಟ್-4 ಅನ್ನು ಹೋಲುವ, ಕೆಲಸ ಮಾಡದ ನಕಲು ವಂಶವಾಹಿಗಳು ಹಲವಿವೆ. ಪರೀಕ್ಷೆ ಎಚ್ಚರದಿಂದ ಮಾಡದಿದ್ದರೆ ಅವೇ ಆಕ್ಟ್-4 ಎಂದು ತೋರಿಬಿಡುತ್ತವೆ. ಈ ಕ್ಷೇತ್ರದ ಎಷ್ಟೋ ಅವಸರದ ಹೇಳಿಕೆಗಳ ಬೇರು ಇಲ್ಲಿದೆ.

ಬೆಂಗಳೂರಿನ ಕೆಲಸ

ಕರ್ನಾಟಕದಲ್ಲಿ ವೃಷಣದ ಅಧ್ಯಯನಕ್ಕೆ ನೆಲೆಯಾದದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗ. ಅಲ್ಲಿ ಎನ್. ಆರ್. ಮೌದ್ಗಲ್ ಅವರ ಗುಂಪು ಮಂಗಗಳಲ್ಲಿ ಹಾರ್ಮೋನುಗಳನ್ನು ತಡೆದು ವೀರ್ಯಾಣು ಉತ್ಪತ್ತಿಯನ್ನು ಪರೀಕ್ಷಿಸುತ್ತಿತ್ತು. ಅದೇ ಅಂಗವನ್ನು ಕೋಶಕೇಂದ್ರದ ಒಳಗಿಂದ ನೋಡಿದವರು ಎಂ. ಆರ್. ಎಸ್. ರಾವ್. ಮೈಸೂರಿನಲ್ಲಿ 1948ರಲ್ಲಿ ಹುಟ್ಟಿದ ಮಂಚನಹಳ್ಳಿ ರಂಗಸ್ವಾಮಿ ಸತ್ಯನಾರಾಯಣ ರಾವ್ ಅವರ ದುಡಿಮೆಯ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ಸಾಗಿತು: ವೀರ್ಯಾಣು ರೂಪುಗೊಳ್ಳುವಾಗ ಡಿಎನ್ಎಯನ್ನು ಸುತ್ತಿಡುವ ಪ್ರೊಟೀನುಗಳು ಹೇಗೆ ಬದಲಾಗುತ್ತವೆ? ವೃಷಣಕ್ಕೇ ಮೀಸಲಾದ ಹಿಸ್ಟೋನುಗಳು, ಆಮೇಲೆ ಅವುಗಳ ಜಾಗಕ್ಕೆ ಬರುವ ಸಂಕ್ರಮಣ ಪ್ರೊಟೀನುಗಳು, ಕೊನೆಗೆ ಪ್ರೊಟಮಿನ್. ಇಲಿ, ಹೆಗ್ಗಣಗಳ ವೃಷಣದಲ್ಲಿ ಈ ಹಂತಗಳನ್ನು ಅವರ ಶಿಷ್ಯರು ದಶಕಗಳ ಕಾಲ ಬಿಡಿಸಿದರು. ಬಹುಸಾಮರ್ಥ್ಯದ ಬಾಗಿಲು ಮುಚ್ಚಿದ ಮೇಲೆ ಜನನಕೋಶ ಹಿಡಿಯುವ ಸರಿಯಾದ ದಾರಿ ಅದು. ದಾರಿ ತಪ್ಪಿದ್ದನ್ನು ಅಳೆಯಬೇಕಾದರೆ ಸರಿದಾರಿಯ ನಕ್ಷೆ ಬೇಕೇ ಬೇಕು, ಮತ್ತು ಆ ನಕ್ಷೆಯ ಒಂದು ಭಾಗ ಬೆಂಗಳೂರಿನಲ್ಲಿ ಬರೆದದ್ದು.

2003ರಿಂದ 2013ರ ತನಕ ರಾವ್ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಧ್ಯಕ್ಷರಾಗಿದ್ದರು. 2004ರಲ್ಲಿ ಅವರ ಗುಂಪು ಇಲಿಯ 8ನೆಯ ವರ್ಣತಂತುವಿನಲ್ಲಿ, ತಂದೆತಾಯಿಯ ವಂಶವಾಹಿಗಳು ಹೆಚ್ಚಾಗಿ ಅದಲುಬದಲಾಗುವ ಒಂದು ತಾಣವನ್ನು ಪರಿಶೀಲಿಸುತ್ತಿದ್ದಾಗ, ಪ್ರೊಟೀನನ್ನೇ ತಯಾರಿಸದ, ಸುಮಾರು 2,400 ಅಕ್ಷರಗಳ ಒಂದು ಆರ್‌ಎನ್ಎ ಸಿಕ್ಕಿತು. ಅದಕ್ಕೆ ಎಂಆರ್‌ಎಚ್‌ಎಲ್ ಎಂದು ಹೆಸರಿಟ್ಟರು. ಪ್ರೊಟೀನು ಮಾಡದ ಆರ್‌ಎನ್ಎಗಳನ್ನು ಕಸವೆಂದು ಬದಿಗೆ ಸರಿಸುತ್ತಿದ್ದ ಕಾಲವದು. ಅವರು ಸರಿಸಲಿಲ್ಲ. 2012ರಲ್ಲಿ ಇದರ ಕೆಲಸ ಬಯಲಾಯಿತು: ವೀರ್ಯಾಣುಜನಕ ಕೋಶದಲ್ಲಿ ಈ ಆರ್‌ಎನ್ಎ ಪಿ68 ಎಂಬ ಪ್ರೊಟೀನಿನೊಂದಿಗೆ ಸೇರಿ ವಿಂಟ್ ಎಂಬ ಸಂದೇಶಜಾಲವನ್ನು ತಡೆಹಿಡಿಯುತ್ತದೆ. ಆರ್‌ಎನ್ಎ ಕಡಿಮೆಯಾದರೆ ತಡೆ ಕಳಚಿ ಕೋಶ ಮಿಯಾಸಿಸ್ ಕಡೆಗೆ, ಅಂದರೆ ವರ್ಣತಂತುಗಳನ್ನು ಅರ್ಧಕ್ಕಿಳಿಸುವ ವಿಭಜನೆಯ ಕಡೆಗೆ, ಹೆಜ್ಜೆ ಇಡುತ್ತದೆ. ಮುಂದಿನ ವರ್ಷಗಳಲ್ಲಿ ಇದೇ ಆರ್‌ಎನ್ಎಯನ್ನು ಇಲಿಯ ಭ್ರೂಣ ಕಾಂಡಕೋಶಗಳಲ್ಲಿ ತಗ್ಗಿಸಿ ನೋಡಿದಾಗ ಬಹುಸಾಮರ್ಥ್ಯ ಅಳಿಯಲಿಲ್ಲ, ಆದರೆ ಕೋಶ ಯಾವ ಅಂಗಾಂಶವಾಗಬೇಕೆಂಬ ಆಯ್ಕೆ ಏರುಪೇರಾಯಿತು. 2010ರಲ್ಲಿ ಪದ್ಮಶ್ರೀ ಪಡೆದ ರಾವ್ 2023ರಲ್ಲಿ ತೀರಿಕೊಂಡರು.

ಅದೇ ಕೇಂದ್ರದಲ್ಲಿ ಮನೀಷಾ ಇನಾಮ್‌ದಾರ್ ಅವರ ಗುಂಪು, ಚಿಕಿತ್ಸೆಗೆ ಬಳಸಲಾಗದೆಂದು ಬದಿಗಿಟ್ಟ ಮಾನವ ಭ್ರೂಣಗಳಿಂದ ಬಿಜೆಎನ್‌ಹೆಮ್19 ಮತ್ತು ಬಿಜೆಎನ್‌ಹೆಮ್20 ಎಂಬ ಎರಡು ಕಾಂಡಕೋಶ ತಳಿಗಳನ್ನು ಪಡೆದು 2009ರಲ್ಲಿ ವಿವರಿಸಿತು. ಇಂಥ ತಳಿಗಳು ನಿಜಕ್ಕೂ ಬಹುಸಾಮರ್ಥ್ಯದವೇ ಎಂದು ಒರೆಗೆ ಹಚ್ಚಲು ಲೋಕದ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಕ್ರಮ ಎರಡು: ಆಕ್ಟ್-4, ನ್ಯಾನೋಗ್ ಇವೆಯೇ ಎಂದು ನೋಡುವುದು, ಮತ್ತು ಕೋಶಗಳನ್ನು ರೋಗನಿರೋಧಕ ಶಕ್ತಿಯಿಲ್ಲದ ಇಲಿಗೆ ಚುಚ್ಚಿ ಟೆರಟೋಮ ಬೆಳೆಯುವುದೇ ಎಂದು ಕಾಯುವುದು. ಸ್ಟೀವನ್ಸ್ ಕಂಡ ಗಡ್ಡೆ ಹೀಗೆ ಕಾಂಡಕೋಶದ ಅಳತೆಗೋಲಾಗಿ ಉಳಿದಿದೆ.

ರೋಗ ಮತ್ತು ಚಿಕಿತ್ಸೆ

ಭಾರತದಲ್ಲಿ ವೃಷಣದ ಕ್ಯಾನ್ಸರ್ ವಿರಳ. ವರ್ಷಕ್ಕೆ ಲಕ್ಷ ಗಂಡಸರಲ್ಲಿ ಒಬ್ಬರಿಗೂ ಕಡಿಮೆ. ನಾರ್ವೆ, ಡೆನ್ಮಾರ್ಕುಗಳಲ್ಲಿ ಹತ್ತರ ಆಸುಪಾಸು. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಲ್ಲಿ ಮುಂಬಯಿ, ಚೆನ್ನೈಗಳ ಜೊತೆ 1982ರಿಂದ ಲೆಕ್ಕ ಇಡುತ್ತಿರುವ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ನೋಂದಣಿಯಂಥವುಗಳಿಂದ ಈ ಹೋಲಿಕೆ ಸಾಧ್ಯವಾಗಿದೆ. ವಿರಳವೆಂದು ಅಲಕ್ಷಿಸುವಂತಿಲ್ಲ, ಏಕೆಂದರೆ ಬರುವುದು 20ರಿಂದ 40ರ ದುಡಿಯುವ ವಯಸ್ಸಿನವರಿಗೆ, ಮತ್ತು ಬೇಗ ಚಿಕಿತ್ಸೆಗೆ ಬಂದರೆ ಹೆಚ್ಚಿನವರಿಗೆ ಪೂರ್ತಿ ಗುಣವಾಗುತ್ತದೆ.

ತಿಳಿದಿರುವ ಅಪಾಯಗಳಲ್ಲಿ ಮುಖ್ಯವಾದದ್ದು ಇಳಿಯದ ವೃಷಣ. ತುಳಸಿಗೇರಿಯಲ್ಲಾಗಲಿ ಬಾದಾಮಿ, ಇಳಕಲ್ಲುಗಳಲ್ಲಾಗಲಿ ಮನೆಯ ಹಿರಿಯ ಹೆಂಗಸು ಕೂಸಿಗೆ ಎಣ್ಣೆ ಹಚ್ಚಿ ಎರೆಯುವಾಗ ಬೀಜ ಎರಡೂ ಚೀಲದೊಳಗಿವೆಯೇ ಎಂದು ಅವಳ ಕೈಗೆ ತಿಳಿಯುತ್ತದೆ; ವೈದ್ಯರ ಕೈಗಿಂತ ಮೊದಲಿನ ಪರೀಕ್ಷೆ ಅದು. ಆರು ತಿಂಗಳಾದರೂ ಇಳಿಯದಿದ್ದರೆ ಕೂಸನ್ನು ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಗೆ ತೋರಿಸಬೇಕು. ಹದಿನೆಂಟು ತಿಂಗಳೊಳಗೆ ಶಸ್ತ್ರಕ್ರಿಯೆ ಆಗಬೇಕೆಂಬುದು ಇಂದಿನ ಸಲಹೆ. ಆ ವಯಸ್ಸಿಗೆ ಒತ್ತು ಕೊಡುವುದಕ್ಕೆ ಕಾರಣ, ಜನನಕೋಶ ವೀರ್ಯಾಣುಜನಕವಾಗಿ ಬದಲಾಗಬೇಕಾದ ತಿಂಗಳುಗಳು ಅವೇ. ಸ್ವೀಡನ್ನಿನಲ್ಲಿ ಇಂಥ ಶಸ್ತ್ರಕ್ರಿಯೆ ಆದವರನ್ನು ಅನುಸರಿಸಿದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 13 ವರ್ಷದೊಳಗೆ ಮಾಡಿಸಿಕೊಂಡವರಿಗೆ ಕ್ಯಾನ್ಸರಿನ ಅಪಾಯ ಸಾಮಾನ್ಯ ಜನರಿಗಿಂತ ಸುಮಾರು ಎರಡು ಪಟ್ಟು, ಆಮೇಲೆ ಮಾಡಿಸಿಕೊಂಡವರಿಗೆ ಐದು ಪಟ್ಟಿಗೂ ಮೇಲಿತ್ತು.

ಹರೆಯದಲ್ಲಿ ನೋವಿಲ್ಲದ ಗಂಟು ಕಂಡಾಗ ನಾಚಿಕೆಯಿಂದ ಮುಚ್ಚಿಡುವುದೇ ದೊಡ್ಡ ಕೇಡು. ಬೇರೆಡೆಗೆ ಹರಡಿದ ಗಡ್ಡೆಯೂ ಮಣಿಯುವಂಥದ್ದು. ಇಂಡಿಯಾನಾ ವಿಶ್ವವಿದ್ಯಾಲಯದ ಲಾರೆನ್ಸ್ ಐನ್‌ಹಾರ್ನ್ 1970ರ ದಶಕದಲ್ಲಿ ಸಿಸ್‌ಪ್ಲಾಟಿನ್ ಸೇರಿಸಿದ ಔಷಧಕ್ರಮವನ್ನು ಕೊಟ್ಟು, 1977ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಸಾವು ಖಚಿತವೆಂದಿದ್ದ ರೋಗದಲ್ಲಿ ಬಹುಪಾಲು ಜನ ಉಳಿಯತೊಡಗಿದರು. ಆ ಔಷಧ ಇಂದು ಹುಬ್ಬಳ್ಳಿ, ಬೆಂಗಳೂರುಗಳ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ದಿನನಿತ್ಯ ಬಳಕೆಯಲ್ಲಿದೆ. ಭ್ರೂಣದ ಕೋಶಗಳು ಡಿಎನ್ಎಗೆ ಪೆಟ್ಟಾದರೆ ದುರಸ್ತಿಗಿಂತ ಸಾಯುವುದನ್ನೇ ಆರಿಸಿಕೊಳ್ಳುತ್ತವೆ. ಆಕ್ಟ್-4 ಉಳಿಸಿಕೊಂಡ ಗಡ್ಡೆಯಲ್ಲೂ ಆ ಸ್ವಭಾವ ಉಳಿದಿದೆ. ಔಷಧ ಅಷ್ಟು ಚೆನ್ನಾಗಿ ಹಿಡಿಯಲು ಇದೊಂದು ಕಾರಣ.

ಇತ್ತೀಚಿನ ಸೇರ್ಪಡೆ ರಕ್ತಪರೀಕ್ಷೆ. ಭ್ರೂಣ ಕಾಂಡಕೋಶಗಳಲ್ಲಿರುವ ಮಿರ್-371 ಎಂಬ ಪುಟ್ಟ ಆರ್‌ಎನ್ಎ ಈ ಗಡ್ಡೆಗಳಿಂದ ರಕ್ತಕ್ಕೆ ಸೋರುತ್ತದೆ. ಹಳೆಯ ಗುರುತುಗಳಾದ ಎಎಫ್‌ಪಿ, ಎಚ್‌ಸಿಜಿಗಳಿಗಿಂತ ಇದು ಹೆಚ್ಚು ರೋಗಿಗಳಲ್ಲಿ ಗಡ್ಡೆಯನ್ನು ಪತ್ತೆ ಮಾಡುತ್ತದೆ. ಆದರೆ ಬಹುಸಾಮರ್ಥ್ಯವನ್ನು ಪೂರ್ತಿ ಕಳೆದುಕೊಂಡು ಎಲುಬು, ಚರ್ಮಗಳಾಗಿ ಬಲಿತ ಟೆರಟೋಮ ಮಿರ್-371 ಅನ್ನು ಬಿಡುವುದಿಲ್ಲ, ಸಿಸ್‌ಪ್ಲಾಟಿನ್‌ಗೂ ಮಣಿಯುವುದಿಲ್ಲ. ಔಷಧ ಮುಗಿದ ಮೇಲೆ ಹೊಟ್ಟೆಯ ಹಿಂಬದಿಯಲ್ಲಿ ಅಂಥ ಗಂಟು ಉಳಿದಿದ್ದರೆ ಶಸ್ತ್ರಚಿಕಿತ್ಸಕರು ಅದನ್ನು ಕತ್ತರಿಸಿ ತೆಗೆಯುತ್ತಾರೆ.